ತಂಬಿಗೆಯ ಕೊರಳಲ್ಲಿ ನೀ.ಬಾ.

ಮೊಮ್ಮಕ್ಕಳೇ, ಮೊನ್ನೆ ಗೌರಿ ನೀರು ಕುಡಿಯಲೆಂದು ಹಿತ್ತಾಳೆಯ ತಂಬಿಗೆ ಎತ್ತಿದವಳು ಹಾಗೇ ನಿಂತುಬಿಟ್ಟಳು. ಅದರ ಕೊರಳ ಸುತ್ತ ಬೆರಳಾಡಿಸಿ, "ಆಯೀ, ಇದು ನನ್ನ ಕರೀತೈತಿ. 'ನೀ ಬಾ' ಅಂತ ಬರದೈತಿ ನೋಡು," ಎಂದಳು.

"ಕರದರ ಹೋಗು. ಹಂಗ ತಿಕ್ಕಿ ತೊಳದು ಇಡು," ಎಂದೆ. ನೀವೆಲ್ಲ ನಕ್ಕಿರಿ. ಅವಳು ಬಿಡಲಿಲ್ಲ. "ಚುಕ್ಕಿ ಅದಾವಲ್ಲ ನಡುವ. ನೀ ಅಂದ್ರ ನೀಲವ್ವ, ಅಂದ್ರ ನೀನ. ಬಾ ಅಂದ್ರ ಯಾರು?" ಎಂದು ಕೇಳಿದಳು.

ಅಷ್ಟು ಜನರ ನಡುವೆ ಹೇಗೆ ಹೇಳಲಿ? ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ, ಒಲೆಯೂ ಹೊತ್ತಿರಲಿಲ್ಲ. ಬಾಯಿಂದ ಬರದದ್ದು ಕೈಯಿಂದ ಬರಬಹುದೇನೋ ಎಂದು ಈಗ ಹಾಳೆ ಹಿಡಿದು ಕುಳಿತಿದ್ದೇನೆ. ಬರಹದಲ್ಲಿ ತಪ್ಪಿದ್ದರೆ ನಗಬೇಡಿ. ನಗಲೇಬೇಕಾದರೆ ನನ್ನ ಎದುರಿಗೆ ನಗಬೇಡಿ.

ನಾನು ಕಲಿತದ್ದು ಮುಂಡಗೋಡ ತಾಲೂಕಿನ ನಮ್ಮ ಚಿಗಳ್ಳಿಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಹೆಣ್ಣುಮಕ್ಕಳು ಬಾಗಿಲ ಹತ್ತಿರ ಕುಳಿತುಕೊಳ್ಳುತ್ತಿದ್ದೆವು. ಮನೆಯಿಂದ ಕರೆ ಬಂದರೆ ಬೇಗ ಎದ್ದು ಹೋಗಲು ಅನುಕೂಲವೆಂದು. ನಮ್ಮ ಮಾಸ್ತರರು ಒಂದು ಮಾತು ಹೇಳಿಕೊಟ್ಟಿದ್ದರು. ಅಕ್ಷರದ ಮುಂದೆ ಚುಕ್ಕೆ ಕಂಡರೆ ಉಳಿದ ಅಕ್ಷರಗಳು ಒಳಗೆ ಮಲಗಿವೆ ಎಂದು ತಿಳಿಯಬೇಕು, ಓದುವವರು ಅವನ್ನು ಎಬ್ಬಿಸಬೇಕು. ಎಬ್ಬಿಸಲು ಹೋದಾಗ ಬೇರೆ ಯಾರೋ ಎದ್ದು ಬಂದರೆ ಏನು ಮಾಡಬೇಕೆಂದು ಮಾತ್ರ ಅವರು ಹೇಳಿಕೊಡಲಿಲ್ಲ.

ನಮ್ಮ ಓಣಿಗೆ ಬರುತ್ತಿದ್ದ ಪತ್ರಗಳನ್ನು ಓದಿ ಹೇಳುವವಳು ನಾನೇ. ಎಲ್ಲ ವಿಳಾಸಗಳಲ್ಲೂ 'ಮು.ಪೋ.' ಎಂದು ಇರುತ್ತಿತ್ತು. ಮು.ಪೋ. ಹಳಿಯಾಳ, ಮು.ಪೋ. ಮುಂಡಗೋಡ. ಅದು ಮುಕ್ಕಾಂ ಪೋಸ್ಟ್ ಎಂಬುದು ನನಗೇನು ಗೊತ್ತು? ಮುಪೋ ಎಂಬ ಒಬ್ಬ ಮನುಷ್ಯ ಎಲ್ಲ ಊರುಗಳಲ್ಲೂ ಇದ್ದು ಪತ್ರ ಇಸಿದುಕೊಳ್ಳುತ್ತಾನೆಂದು ನಂಬಿದ್ದೆ. ಹಾಗೇ ಓದಿಯೂ ಹೇಳುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಮುದುಕಪ್ಪ ಬಹಳ ಹೊತ್ತು ಯೋಚಿಸಿ, "ಈ ಮುಪೋ ಅಂಬಾವ ನಮ್ಮ ಪೈಕಿ ಏನವಾ? ಎಲ್ಲಾ ಕಡೆ ಇವಂದ ಕಾರಭಾರ ಐತಲ್ಲ!" ಎಂದು ಕೇಳಿದ. ನಮ್ಮ ಪೈಕಿಯೇ ಇರಬೇಕು ಎಂದೆ. ಅವನಿಗೆ ಸಮಾಧಾನವಾಯಿತು.

ಇನ್ನು ತಂಬಿಗೆಯ ಮಾತು. ನನ್ನ ಮದುವೆ ಗೊತ್ತಾದಾಗ ನಮ್ಮವ್ವ ಮುಂಡಗೋಡದ ಸಂತೆಗೆ ಹೋಗಿ ಇದನ್ನು ಕೊಂಡಳು. ಜೊತೆಗೆ ನಾನೂ ಹೋಗಿದ್ದೆ. ಪಾತ್ರೆ ಮಾರುವ ಬೋಗಾರ ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಕುಳಿತಿದ್ದ. ಅವ್ವನಿಗೆ ಓದು ಬರುತ್ತಿರಲಿಲ್ಲ. "ಮಗಳ ಹೆಸರು, ಅಳಿಯನ ಹೆಸರು, ಎರಡೂ ಹಾಕ್ರಿ. ಕೊಳ್ಳಾಗ ಹಾಕ್ರಿ," ಎಂದಳು.

"ಕೊಳ್ಳ ಸಣ್ಣದೈತೆವ್ವಾ, ಎರಡ ಅಕ್ಷರ ಹಿಡಿತಾವ. ಹೊಟ್ಟಿ ಮ್ಯಾಲೆ ಹಾಕಿದರ ಪೂರಾ ಬರೀತೇನಿ."

"ಹೊಟ್ಟಿ ಮ್ಯಾಲೆ ಬ್ಯಾಡ್ರಿ. ದಿನಾ ಬೂದಿ ಹಾಕಿ ತಿಕ್ಕಿದರ ಅಳಿಸಿ ಹೋಗ್ತಾವ. ಕೊಳ್ಳಾಗ ಕೈ ಹೋಗೂದು ಕಡಿಮಿ. ಎರಡ ಅಕ್ಷರ ಇದ್ರ ಎರಡ ಇರ್ಲಿ, ಉಳೀಲಿ."

ಹೀಗೆ ನಾವಿಬ್ಬರೂ ಒಂದೊಂದು ಅಕ್ಷರವಾದೆವು. ನಾನು ಗಂಡನ ಮನೆಗೆ ಬಂದು ವರ್ಷ ತುಂಬುವ ಮೊದಲೇ ಅವ್ವ ಜ್ವರದಲ್ಲಿ ತೀರಿಕೊಂಡಳು. ಅವಳ ಫೋಟೋ ಇಲ್ಲ. ಸೀರೆಗಳನ್ನು ಅಕ್ಕಂದಿರು ಹಂಚಿಕೊಂಡರು. ನನ್ನ ಪಾಲಿಗೆ ಈ ತಂಬಿಗೆ. ಇದರಲ್ಲಿ ಕುಡಿದ ನೀರು ಬೇರೆ ತಂಬಿಗೆಯ ನೀರಿಗಿಂತ ತಣ್ಣಗಿರುತ್ತದೆ ಎಂದು ಈಗಲೂ ನಾನು ಹೇಳಿದರೆ ನೀವು ಒಪ್ಪುವುದಿಲ್ಲ. ಒಪ್ಪಬೇಡಿ.

ನಮ್ಮ ಅತ್ತೆಯ ಮನೆ ಹಳಿಯಾಳದ ಆಚೆಯ ಊರಿನಲ್ಲಿ. ನಿಮ್ಮ ಅಜ್ಜ ಆಗ ದಾಂಡೇಲಿಯ ಕಟ್ಟಿಗೆ ಡಿಪೊದಲ್ಲಿ ಗಾಡಿ ಹೊಡೆಯುತ್ತಿದ್ದರು. ಕಾಗದದ ಕಾರ್ಖಾನೆ, ಬಂಗೂರನಗರ ಇವೆಲ್ಲ ಆಮೇಲಿನ ಮಾತು. ಆಗ ದಾಂಡೇಲಿ ಎಂದರೆ ಸಾಗವಾನಿಯ ದಿಮ್ಮಿಗಳ ರಾಶಿ. ದಿಮ್ಮಿಯ ತಲೆಗೆ ಸಿಕ್ಕಾ ಹೊಡೆದು ಅಕ್ಷರ ಮೂಡಿಸುತ್ತಿದ್ದರಂತೆ. ಒಬ್ಬ ವ್ಯಾಪಾರಿಯ ಸಿಕ್ಕಾ 'ಹ.ಬ.' ಎಂದು ಇತ್ತಂತೆ. ನಿಮ್ಮಜ್ಜ ಹೇಳುತ್ತಿದ್ದರು: "ಮಾಲಕಗ ಅದು ಹೆಸರು. ನಮಗ ಗಾಡಿಯವರಿಗೆ 'ಹಗ್ಗ ಬಿಗಿ'. ಮಧ್ಯಾಹ್ನ ಆತಂದ್ರ ಎಲ್ಲಾರಿಗೂ 'ಹಸಿವಿ ಬಹಳ'."

ಅಮಾವಾಸ್ಯೆಯ ದಿನ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ. ಆದ್ದರಿಂದ ಅವರು ಅಮಾವಾಸ್ಯೆಗೆ ಮನೆಗೆ ಬರುತ್ತಿದ್ದರು. ತುಂಬಿದ ಮನೆ, ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ನಾನು ನೀರು ಕೊಡುತ್ತಿದ್ದೆ, ಅವರು ಕುಡಿಯುತ್ತಿದ್ದರು. ತಂಬಿಗೆ ಹಿಂದೆ ಕೊಡುವಾಗ ಕೊರಳಿನ ಅಕ್ಷರಗಳ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು. ಗೌರಿ ಓದಿದ ಹಾಗೆಯೇ ಅವರೂ ಓದುತ್ತಿದ್ದರು. ಸ್ವಲ್ಪ ಹೊತ್ತಿಗೆ ನನಗೆ ಹಿತ್ತಲಿನಲ್ಲಿ ಒಣಹಾಕಿದ ಬಟ್ಟೆ ನೆನಪಾಗುತ್ತಿತ್ತು. ಅಷ್ಟೇ. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ.

ಅತ್ತೆ ಬಸವ್ವನಿಗೂ ಓದು ಬರದು. ನಾನು ಹೊಸದಾಗಿ ಬಂದಾಗ ಒಮ್ಮೆ, "ಏನ ಬರದೈತಿ ಇದರ ಮ್ಯಾಲೆ?" ಎಂದು ಕೇಳಿದರು. ನಾನು ನೆಲ ನೋಡುತ್ತ, "ನೀ... ಬಾ..." ಎಂದು ನಿಲ್ಲಿಸಿದೆ. ಅವರೇ, "ನೀರು ಬಾಗಲಕ ಇಡು ಅಂತ ಏನ?" ಎಂದರು. ಸೊಸೆಯಾದವಳು ಇಲ್ಲ ಎನ್ನುವುದು ಹೇಗೆ? ಹೌದೆಂದು ತಲೆಯಾಡಿಸಿದೆ. ಅವರಿಗೆ ಬಹಳ ಸಂತೋಷವಾಯಿತು. "ನಿಮ್ಮವ್ವ ಶಾಣ್ಯಾಕಿ," ಎಂದು ಅಂದಿನಿಂದ ತಂಬಿಗೆಯನ್ನು ತುಂಬಿ, ಬಂದವರಿಗೆಂದು ಬಾಗಿಲ ಬಳಿ ಇಡತೊಡಗಿದರು.

ನಾನು ಯಾಕೆ ನಿಲ್ಲಿಸಿದೆನೆಂದು ನಿಮಗೆ ತಿಳಿಯದು. ನಮ್ಮ ಕಾಲದಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಮಾವನ ಹೆಸರನ್ನೂ ಹೇಳುವಂತಿರಲಿಲ್ಲ. ನಿಮ್ಮಜ್ಜನಿಗೆ ಇಟ್ಟಿದ್ದು ಅವರ ಅಜ್ಜನ ಹೆಸರು; ಎಂದರೆ ನಮ್ಮ ಅತ್ತೆಗೆ ಅದು ಮಾವನ ಹೆಸರು. ಹಾಗಾಗಿ ಅತ್ತೆ ತಾವು ಹೆತ್ತ ಮಗನನ್ನು ತೊಟ್ಟಿಲಿನಿಂದಲೂ 'ಸಣ್ಣಪ್ಪ' ಎಂದೇ ಕರೆಯುತ್ತಿದ್ದರು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರಿಗೂ ಬಾಯಿಗೆ ಬರಬಾರದ ಒಂದೇ ಹೆಸರು.

ಹೆಂಡತಿಗೆ ಒಂದು ದಾರಿಯಿತ್ತು. ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ. ಅದಕ್ಕೆ ಒಡಪು ಎನ್ನುತ್ತಾರೆ. ಮದುವೆಯಲ್ಲಿ ಹೆಂಗಸರು ಬಾಗಿಲು ತಡೆದು ನಿಂತು, ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎನ್ನುತ್ತಾರೆ. ನನ್ನ ಮದುವೆಯಲ್ಲಿ ನಿಮ್ಮಜ್ಜ ನನ್ನ ಹೆಸರನ್ನು ಹುರಿಗಡಲೆ ತಿಂದಷ್ಟು ಸಲೀಸಾಗಿ ಹೇಳಿ ಮುಗಿಸಿದರು. ಅವ್ವ ನನಗೆ ಎಷ್ಟೋ ಒಡಪು ಕಲಿಸಿದ್ದಳು. ಅಂದು ಒಂದೂ ನೆನಪಿಗೆ ಬರಲಿಲ್ಲ. ನಿಂತೇ ಇದ್ದೆ, ಬಾಸಿಂಗ ಜಾರುತ್ತಿತ್ತು. ಕೊನೆಗೆ ಅವ್ವ, "ಕೂಸಿಗೆ ನಿದ್ದಿ ಬಂದೈತಿ, ಬಿಡ್ರೆವ್ವಾ," ಎಂದು ಕೈಮುಗಿದಳು. "ಮೂಕಿ ತಂದಾರ," ಎಂದು ನಕ್ಕು ಬಿಟ್ಟರು.

ಅದಾದ ಮರುವರ್ಷದ ಶ್ರಾವಣ. ಅವ್ವ ಹೋಗಿ ಕೆಲವೇ ತಿಂಗಳಾಗಿತ್ತು. ಶ್ರಾವಣದ ಕಡೆಯ ಸೋಮವಾರ ಅತ್ತೆಯ ಊರಿನ ನೀಲಕಂಠ ದೇವರ ಗುಡಿಯಲ್ಲಿ ಊರಿಗೆಲ್ಲ ಪ್ರಸಾದ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಲೆ, ಅನ್ನ, ಸಾರು. ಗುಡಿಯ ಪಾತ್ರೆಗಳು ಸಾಲವು. ಆದ್ದರಿಂದ ಮನೆ ಮನೆಯಿಂದ ತಂಬಿಗೆ, ಪರಾತ, ಸವುಟು ಬರುತ್ತಿದ್ದವು. ಊಟವಾದ ಮೇಲೆ ಎಲ್ಲವನ್ನೂ ತೊಳೆದು ಅಂಗಳದಲ್ಲಿ ರಾಶಿ ಹಾಕುವುದು, ಅಕ್ಷರ ನೋಡಿ ಅವರವರು ಒಯ್ಯುವುದು ಪದ್ಧತಿ. ಅತ್ತೆ ನಮ್ಮ ಮನೆಯ ಪಾತ್ರೆಗಳ ಜೊತೆ ನನ್ನ ತಂಬಿಗೆಯನ್ನೂ ಕಳಿಸಿದ್ದರು.

ಗುಡಿಯ ಉಸ್ತುವಾರಿ ರುದ್ರಯ್ಯನವರದು. ಗಿಡ್ಡ ಆಳು, ದೊಡ್ಡ ದನಿ. ಹಿಂದಿನ ವರ್ಷ ದೇವರ ಪರಾತವೊಂದು ಯಾರ ಮನೆಗೋ ಸೇರಿ ಸಿಗದೇ ಹೋಗಿತ್ತು. ಅದಕ್ಕೇ ಈ ಸಲ ಅವರು ರಾಶಿಯ ಮುಂದೆ ಮಣೆ ಹಾಕಿಕೊಂಡು ಕುಳಿತು, ಒಂದೊಂದನ್ನೇ ಎತ್ತಿ ಕೇಳಿ ಕೊಡುತ್ತಿದ್ದರು. ಪಾತ್ರೆ ಯಾರದೋ ಅವರ ಬಾಯಿಂದಲೇ ಹೆಸರು ಬರಬೇಕು. ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ಗಂಡಸರು ಉಂಡು ಹೊಲಕ್ಕೆ ಹೋಗಿದ್ದರು. ಅಂಗಳದ ತುಂಬ ಹೆಂಗಸರೇ.

ನನ್ನ ತಂಬಿಗೆ ಅವರ ಕೈಗೆ ಬಂತು. ತಿರುಗಿಸಿ ನೋಡಿ, ಯಾರನ್ನೂ ಕೇಳದೆ, ಗುಡಿಯ ಪಾತ್ರೆಗಳ ಕಡೆಗೆ ಇಟ್ಟುಬಿಟ್ಟರು.

"ಅಯ್ಯನವರ, ಅದು ನಮ್ಮದ್ರಿ," ಎಂದೆ. ನನಗೇ ಕೇಳಿಸಲಿಲ್ಲ.

ನನ್ನ ಪಕ್ಕ ನಿಂತಿದ್ದವರು ನೆರೆಮನೆಯ ನೀರಾಬಾಯಿ. ಜೋಯಿಡಾ ಕಡೆಯಿಂದ ಬಂದ ಮರಾಠಿ ಮನೆತನದ ಹೆಂಗಸು, ದನಿ ರುದ್ರಯ್ಯನವರಿಗಿಂತ ಒಂದು ತೂಕ ಹೆಚ್ಚು. "ಅಯ್ಯನವರ, ಈ ಪೋರಿ ಏನೋ ಅನ್ನಾಕತ್ತೈತಿ ನೋಡ್ರಿ!" ಎಂದು ಕೂಗಿದರು.

"ಏನವಾ?"

"ತಂಬಿಗಿ ನಮ್ಮದ್ರಿ."

"ನಿಮ್ಮದು ಹೆಂಗ? ನೀ.ಬಾ. ಅಂತ ಐತಿ. ನೀಲಕಂಠನ ಭಾಂಡೆ, ದೇವರ ಪಾತ್ರೆ. ಗುಡಿ ಭಾಂಡೆಕ್ಕೆಲ್ಲಾ ಇದ ಅಕ್ಷರ."

ಶಾಲೆ ಕಲಿತ ಸೊಕ್ಕು ಒಂದು ಚೂರು ಎದ್ದಿತು. "ಭಾಂಡೆ ಅಂದ್ರ ಭಾ ಅಕ್ಷರದ ಕೆಳಗ ಸೀಳ ಇರಬೇಕಲ್ರಿ," ಎಂದೆ.

"ಸೀಳ ಇತ್ತವಾ. ನೀವ ಹೆಣ್ಣಮಕ್ಕಳು ಬೂದಿ ಹಾಕಿ ತಿಕ್ಕಿ ತಿಕ್ಕಿ ಸೀಳ ಉಳಿಸೀರೇನ?"

"ಹಂಗಾದ್ರ ನಂದೂ ಐತಿ ಅದರಾಗ!" ನೀರಾಬಾಯಿ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದರು. "ನೀ-ರಾ-ಬಾ-ಯಿ. ನೀ.ಬಾ. ಹೋದ ವರ್ಷ ನನ್ನ ಸವುಟು ಹಿಂಗ ದೇವರ ಪಾಲಾತು. ಅಗ ಬಾಯಿ, ದೇವರು ವರ್ಷಾನಗಟ್ಟಲೆ ನನ್ನ ಸವುಟಿಲೆ ಹುಗ್ಗಿ ಹಾಕ್ಕೊಂಡು ಉಣ್ಣಾಕತ್ತಾನ!"

ಅಂಗಳವೆಲ್ಲ ನಕ್ಕಿತು. ಆಗ ನಮ್ಮ ಅತ್ತೆ ಜನರನ್ನು ಸರಿಸಿಕೊಂಡು ಬಂದರು. "ಯಾಕ ಗದ್ದಲಾ? ಅದರ ಮ್ಯಾಲೆ ಏನೈತಿ ನನಗ ಗೊತ್ತೈತಿ. ನೀ ಅಂದ್ರ ನೀರ. ಬಾ ಅಂದ್ರ ಬಾಗಲಾ. ಬಾಗಲಕ ನೀರ ಇಡೂ ತಂಬಿಗಿ ಅದು," ಎಂದು ಎಲ್ಲರ ಮುಂದೆ ತಲೆಯೆತ್ತಿ ಹೇಳಿದರು.

ನೆಲ ಬಾಯಿ ಬಿಡಬಾರದೇ ಎನಿಸಿತು ನನಗೆ.

"ಬಸವ್ವಾ," ರುದ್ರಯ್ಯನವರು ಕಣ್ಣೊರೆಸಿಕೊಂಡು ಕೇಳಿದರು, "ಹಂಗಾದ್ರ ನಿಮ್ಮ ಒಲಿ ಮ್ಯಾಲೆ 'ಬೆಂಕಿ' ಅಂತ ಬರಿಸೀರೇನ? ಯಾರಾರ ಮರತ ಗಿರತಾರು!"

ನಗು ನಿಲ್ಲಲಿಲ್ಲ. ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅದು ಸಿಟ್ಟಾಗಿರಲಿಲ್ಲ. ಊರ ಮುಂದೆ ಸೊಸೆ ತನ್ನನ್ನು ಹೀಗೆ ನಿಲ್ಲಿಸಿದಳಲ್ಲ ಎಂಬ ನೋವು. ಅವರು ಸೆರಗು ಹೊದ್ದು ಹಿಂದೆ ಸರಿದರು.

"ತಂಬಿಗಿ ನಿಮ್ಮದಾದ್ರ ನಿನ್ನ ಬಾಯಿಂದ ಬರ್ಲಿ," ಎಂದರು ರುದ್ರಯ್ಯನವರು. "ನೀ ಅಂದ್ರ ಯಾರು?"

"ನೀ ಅಂದ್ರ ನಾ ರೀ."

"ನೀ ಅಂದ್ರ ನೀ. ನಾ ಅಂದ್ರ ನಾ. ನೀ ಅಂದ್ರ ನಾ ಹೆಂಗಾದೀತವಾ?"

"ನೀಲವ್ವ ರೀ."

"ಹಾಂ, ಹಂಗನ್ನು. ಬಾ ಅಂದ್ರ?"

"ಅವರು ರೀ."

"ಅವರು ಅಂದ್ರ ಯಾರು?"

"ಅತ್ತಿಯವರ ಮಗ ರೀ."

"ಆಕಿಗೆ ಮೂರ ಮಂದಿ ಗಂಡಮಕ್ಕಳು. ಮೂರೂ ಮಂದೀನ ಈ ತಂಬಿಗ್ಯಾಗ ತುಂಬೀಯೇನ?"

ನಿಮ್ಮಜ್ಜನ ಹೆಸರು ಆ ಊರಲ್ಲಿ ಯಾರಿಗೆ ಗೊತ್ತಿರಲಿಲ್ಲ? ರುದ್ರಯ್ಯನವರಿಗೂ ಗೊತ್ತಿತ್ತು. ಆದರೆ ಗುಡಿಯ ಪಾತ್ರೆಯೆಂದು ಅವರು ನಿಜವಾಗಿಯೂ ನಂಬಿ ಕುಳಿತಿದ್ದರು. ನಂಬಿದ ಗಂಡಸು ನಿಯಮ ಬಿಡುವುದಿಲ್ಲ. ಅವರು ಎದ್ದು, "ಇಲ್ಲಂದ್ರ ಉಗ್ರಾಣಕ್ಕ ಹೋಗ್ಲಿ. ಬರೂ ಶ್ರಾವಣಕ್ಕ ನೋಡೂಣು," ಎಂದು ಗುಡಿಯ ಪಾತ್ರೆಗಳನ್ನು ಬುಟ್ಟಿಗೆ ತುಂಬತೊಡಗಿದರು. ಮೊದಲು ಒಂದು ಪರಾತ. ಅದರ ಮೇಲೆ ನನ್ನ ತಂಬಿಗೆ. ಅದು ಹಿತ್ತಾಳೆಗೆ ತಾಗಿ ಟಣ್ ಎಂದಿತು. ಕೊಳ್ಳಾಗ ಹಾಕ್ರಿ, ಉಳೀಲಿ ಎಂದಿದ್ದ ಅವ್ವ ಇದನ್ನು ಕೇಳಿ ಬಿಡಿಸಿಕೊಳ್ಳಲು ಈಗ ಇರಲಿಲ್ಲ.

"ನಾವ ಘೇ ಗ, ಪೋರಿ," ನೀರಾಬಾಯಿ ನನ್ನ ಬೆನ್ನಿಗೆ ಕೈಹಚ್ಚಿ ಮೆಲ್ಲಗೆ ಹೇಳಿದರು. "ಒಡಪ ಹಾಕು. ಹೆಸರ ತಗೋ."

ಕಲಿತ ಒಡಪುಗಳು ಆಗಲೂ ಬರಲಿಲ್ಲ. ಬುಟ್ಟಿಯಲ್ಲಿದ್ದ ತಂಬಿಗೆಯೊಂದೇ ಕಾಣುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ಬಾಯಿ ತಾನಾಗಿ ತೆರೆಯಿತು:

"ತವರವ್ವ ಕೊಟ್ಟ ತಂಬಿಗಿ, ಹಿಡಿಯೂದು ಒಂದ ಸೇರ;
ಕೊಳ್ಳಾಗ ಕುಂತೇವಿ ನೋಡ್ರಿ, ನಾನೂ ನಮ್ಮ ಬಾಳಪ್ಪನವರ!"

ನೀರಾಬಾಯಿ ಹಾಕಿದ ಚಪ್ಪಾಳೆಗೆ ಗುಡಿಯ ಮೇಲಿನ ಪಾರಿವಾಳಗಳು ಎದ್ದವು. "ಮೂಕಿ ಮಾತಾಡಿತು!" ಎಂದು ಯಾರೋ ಕೂಗಿದರು. "ಕೊಳ್ಳಾಗ ಕುಂತಾರಂತ ಇಬ್ಬರೂ!" ಎಂದು ಇನ್ನೊಬ್ಬರು. ನನಗೆ ಕಿವಿಯೆಲ್ಲ ಬಿಸಿ.

ರುದ್ರಯ್ಯನವರು ತಂಬಿಗೆಯನ್ನು ಬುಟ್ಟಿಯಿಂದ ತೆಗೆದು, ಹೆಗಲ ವಸ್ತ್ರದಿಂದ ಒರೆಸಿ, ಎರಡೂ ಕೈಯಿಂದ ನನಗೆ ಕೊಟ್ಟರು. "ತಗೋ ತಂಗೀ. ದೇವರಿಗೆ ಬ್ಯಾರೆ ತಂಬಿಗಿ ಸಿಗ್ತೈತಿ. ಇದರಾಗ ಮೊದಲ ಇಬ್ಬರು ಕುಂತೀರಿ, ಅಂವಗ ಜಾಗಾ ಎಲ್ಲೈತಿ?" ಎಂದರು. ನೀರಾಬಾಯಿಯ ಸವುಟೂ ಅಂದೇ ಹಿಂದಕ್ಕೆ ಬಂತು. ಅವರು ಅದನ್ನು ಊರ ತುಂಬ ಎತ್ತಿ ತೋರಿಸುತ್ತ ಮನೆಗೆ ಹೋದರು.

ತಂಬಿಗೆ ಸಿಕ್ಕಿತು. ಅತ್ತೆಯ ಮಾತು ಹೋಯಿತು. ಗುಡಿಯಿಂದ ಮನೆಯವರೆಗೆ ಅವರು ಮುಂದೆ, ನಾನು ಹಿಂದೆ. ಮನೆಗೆ ಬಂದು ತಂಬಿಗೆಯನ್ನು ತುಂಬಿ ಬಾಗಿಲ ಬಳಿ ಇಟ್ಟೆ. ಅವರು ಅದನ್ನು ಎತ್ತಿ ಒಳಗಿನ ಮಾಡದಲ್ಲಿ ಇಟ್ಟು, ಮಣ್ಣಿನ ಮಗೆಯೊಂದನ್ನು ಬಾಗಿಲಿಗೆ ತಂದಿಟ್ಟರು. ಅಡಿಗೆ ಮನೆಯಲ್ಲಿ "ಉಪ್ಪ," "ಹಿಟ್ಟ" ಎಂದಷ್ಟೇ ಅನ್ನುತ್ತಿದ್ದರು. ಅದೂ ನನ್ನನ್ನು ನೋಡದೆ. ಅವರನ್ನು ನಗೆಗೀಡು ಮಾಡಿದ್ದಕ್ಕೆ ಸಿಟ್ಟೋ, ಅವರ ಮಾವನ ಹೆಸರನ್ನು ಊರ ಮುಂದೆ ಕೂಗಿದ್ದಕ್ಕೆ ಸಿಟ್ಟೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಅವ್ವ ಇಲ್ಲದ ಮೇಲೆ ನನಗೆ ಅವ್ವ ಎಂದು ಇದ್ದವರು ಅವರೊಬ್ಬರೇ. ರೊಟ್ಟಿ ಬಡಿಯುತ್ತ ನಾನು ಕಣ್ಣೀರು ಹಾಕಿದೆ, ಹೊಗೆಯ ನೆಪವಿತ್ತು.

ಅಮಾವಾಸ್ಯೆಯ ಸಂಜೆ ನಿಮ್ಮಜ್ಜ ದಾಂಡೇಲಿಯಿಂದ ಬಂದರು. ಊರ ಅಗಸೆ ಬಾಗಿಲಿನಿಂದ ಮನೆ ಮುಟ್ಟುವುದರೊಳಗೆ ಎಷ್ಟು ಜನ ಏನು ಹೇಳಿದ್ದರೋ, ಮೀಸೆಯೊಳಗೆ ನಗುತ್ತ ಬಂದು ಕಾಲು ತೊಳೆಯುವ ಕಲ್ಲಿನ ಮೇಲೆ ನಿಂತರು. ನಾನು ಹಂಡೆಯ ಕಡೆ ತಿರುಗಿದೆ. ಅಷ್ಟರಲ್ಲಿ ಅತ್ತೆ ಒಳಗಿಂದ ನನ್ನ ತಂಬಿಗೆಯನ್ನು ತುಂಬಿಕೊಂಡು ಬಂದರು. ನನ್ನ ಕೈಗೆ ಕೊಡಲಿಲ್ಲ. ಹಿಡಿದುಕೊಂಡೇ ನಿಂತು, "ನೀಲವ್ವಾ," ಎಂದರು. ಸೋಮವಾರದ ನಂತರ ನನ್ನನ್ನು ಹೆಸರು ಹಿಡಿದು ಕರೆದದ್ದು ಆಗಲೇ.

"ಗುಡ್ಯಾಗ ಏನೋ ಅಂದ್ಯಲಾ."

"ತಪ್ಪಾತ್ರಿ ಅತ್ತಿ, ನಾ ಬೇಕಂತ..."

"ತಪ್ಪು ಒಪ್ಪು ಯಾರ ಕೇಳಿದರು ನಿನ್ನ? ಮಂದಿ ಗದ್ದಲದಾಗ ನನಗ ಸುದ್ದ ಕೇಳಿಸ್ಲಿಲ್ಲ. ಅದನ್ನ ಹೇಳಾಕತ್ತೇನಿ." ಅವರು ಮಗನ ಕಡೆ ನೋಡಿದರು. "ಗಂಡನ ಹೆಸರಿಗೆ ಒಡಪರೆ ಐತಿ ನಿಮಗ. ಮಾವನ ಹೆಸರಿಗೆ ಏನೈತಿ? ಇಂವನ್ನ ಹಡದಾಗಿಂದ ಸಣ್ಣಪ್ಪ ಸಣ್ಣಪ್ಪ ಅಂದು ಬಾಯಿ ಸವದೈತಿ. ತೊಟ್ಟಲಕ ಹಾಕಿದಾಗ ಎಲ್ಲಾರೂ ಕಿವ್ಯಾಗ ಹೆಸರ ಅಂದ್ರು, ನಾ ಸುಮ್ನ ನೋಡಕೊಂತ ನಿಂತಿದ್ನಿ. ನೀ ಅನ್ನು. ಇಂವನ ಮುಂದ ಅನ್ನು. ನಾ ಕೇಳ್ತೇನಿ."

ನಿಮ್ಮಜ್ಜನ ನಗು ನಿಂತಿತು. ಒಂದು ಕಾಲು ಕಲ್ಲಿನ ಮೇಲೆ, ಇನ್ನೊಂದು ಎತ್ತಿದ್ದು ಎತ್ತಿದಂತೆಯೇ ಇತ್ತು.

ನಾನು ಸೆರಗು ಸರಿಮಾಡಿಕೊಂಡು ಒಡಪು ಹೇಳಿದೆ. ಅತ್ತೆ ತಂಬಿಗೆಯನ್ನು ಎದೆಗೆ ಹಿಡಿದು ಕಣ್ಣು ಮುಚ್ಚಿದ್ದರು. ಕೇಳಿಸಲಿಲ್ಲ ಎಂದವರ ತುಟಿಗಳು ಸದ್ದಿಲ್ಲದೆ ಮೊದಲಿನಿಂದಲೂ ನನ್ನ ಜೊತೆಯೇ ಆಡುತ್ತಿದ್ದವು. ಹೆಸರು ಬಂದಾಗ ಮಾತ್ರ ನಿಂತವು.

"ಇನ್ನೊಮ್ಮೆ ಅನ್ನವಾ," ಎಂದರು.